ಅವಿಭಾಜ್ಯ ಸಂಖ್ಯೆಗಳ ವಿಚಿತ್ರ ವಿನ್ಯಾಸಗಳು: ನಂಬುವುದೆಷ್ಟು, ಸಂದೇಹಿಸುವುದೆಷ್ಟು?

31, 331, 3331, 33331, 333331, 3333331, 33333331. ಈ ಏಳೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಹಾಗೂ ತಮ್ಮನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ಇವು ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಎಡಬದಿಗೆ ಒಂದೊಂದೇ 3 ಸೇರಿಸುತ್ತ ಹೋದರೆ ಸದಾ ಅವಿಭಾಜ್ಯ ಸಂಖ್ಯೆಯೇ ದೊರೆಯುತ್ತದೆ ಎಂದು ಈ ಸಾಲನ್ನು ಕಂಡ ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಎಂಟನೆಯ ಹೆಜ್ಜೆಯಲ್ಲಿಯೇ ಆ ನಂಬಿಕೆ ಮುರಿದು ಬೀಳುತ್ತದೆ. 333333331 ಎಂಬುದು 17 ಮತ್ತು 19607843 ಎಂಬೆರಡು ಸಂಖ್ಯೆಗಳ ಗುಣಲಬ್ಧ.

ಅವಿಭಾಜ್ಯ ಸಂಖ್ಯೆಗಳ ಲೋಕದಲ್ಲಿ ಇಂತಹ ವಿನ್ಯಾಸಗಳಿಗೆ ಬರವಿಲ್ಲ. ಕೆಲವು ಎಂದೆಂದಿಗೂ ಸತ್ಯ. ಕೆಲವು ಬಹುದೂರ ಜೊತೆಗೆ ನಡೆದು ಬಂದು ಹಠಾತ್ತನೆ ಕೈಕೊಡುತ್ತವೆ. ಇನ್ನು ಕೆಲವು ಸತ್ಯವೋ ಮಿಥ್ಯವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಇವುಗಳ ನಡುವಣ ವ್ಯತ್ಯಾಸವನ್ನು ಅರಿಯುವುದು ಬರಿಯ ಬೌದ್ಧಿಕ ವಿನೋದವಲ್ಲ. ಬ್ಯಾಂಕಿನ ವ್ಯವಹಾರದಿಂದ ಹಿಡಿದು ಖಾಸಗಿ ಪತ್ರದವರೆಗೆ ಅಂತರ್ಜಾಲದ ಗೋಪ್ಯತೆ ಬಹುಮಟ್ಟಿಗೆ ಇದೇ ಸಂಖ್ಯೆಗಳನ್ನು ಅವಲಂಬಿಸಿದೆ.

ಸಾಲು ಮುರಿಯಲೇಬೇಕಿತ್ತು

31ರ ಸಾಲು ಮುರಿದದ್ದು ಆಕಸ್ಮಿಕವಲ್ಲ. ಈ ಸಾಲಿನ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗಲು 10ರಿಂದ ಗುಣಿಸಿ 21 ಕೂಡಿಸಿದರಾಯಿತು. 31ನ್ನು 10ರಿಂದ ಗುಣಿಸಿ 21 ಕೂಡಿಸಿದರೆ 331, ಅದಕ್ಕೂ ಹಾಗೆಯೇ ಮಾಡಿದರೆ 3331. ಈಗ ಪ್ರತಿಯೊಂದನ್ನೂ 31ರಿಂದ ಭಾಗಿಸಿ ಶೇಷವನ್ನು ಮಾತ್ರ ಗಮನಿಸಬೇಕು. ಮೊದಲನೆಯದರ ಶೇಷ 0, ಎರಡನೆಯದರದು 21, ಮೂರನೆಯದರದು 14, ನಂತರ 6, 19, 25, ಹೀಗೆ ಸಾಗುತ್ತದೆ. ಶೇಷಗಳು 0ಯಿಂದ 30ರವರೆಗೆ ಮಾತ್ರ ಇರಲು ಸಾಧ್ಯವಾದ್ದರಿಂದ ಅವು ಬೇಗನೆ ಇಲ್ಲವೇ ತಡವಾಗಿ ಮರುಕಳಿಸಲೇಬೇಕು. ಇಲ್ಲಿ ಹದಿನೈದು ಹೆಜ್ಜೆಗಳ ಬಳಿಕ ಶೇಷ ಮತ್ತೆ 0 ಆಗುತ್ತದೆ. ಆದ್ದರಿಂದ 17 ಅಂಕಿಗಳ ಸಂಖ್ಯೆ 31ರಿಂದ ಭಾಗವಾಗುವುದು ನಿಶ್ಚಿತ. ಒಂದೇ ಒಂದು ಸಂಖ್ಯೆಯನ್ನೂ ಪರೀಕ್ಷಿಸದೆಯೇ ಈ ಸಾಲು ಅಷ್ಟರೊಳಗೆ ಮುರಿಯುವುದೆಂದು ಹೇಳಬಹುದಾಗಿತ್ತು. 17 ಎಂಬ ಇನ್ನೊಂದು ಭಾಜಕ ಅದಕ್ಕಿಂತ ಮೊದಲೇ ಅಡ್ಡ ಬಂದಿತು, ಅಷ್ಟೆ.

ಅವಿಭಾಜ್ಯ ಸಂಖ್ಯೆಗಳು ಅನಂತವೆಂದು ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸಾಧಿಸಿ ತೋರಿಸಿದ್ದನು. ಮೊದಲ ಕೆಲವು ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿಸಿದರೆ, ಬಂದ ಸಂಖ್ಯೆಯನ್ನು ಆ ಯಾವ ಅವಿಭಾಜ್ಯವೂ ಭಾಗಿಸಲಾರದು ಎಂಬುದೇ ಆ ವಾದದ ತಿರುಳು. ಇದನ್ನು ತಪ್ಪಾಗಿ ಅರ್ಥೈಸುವವರೂ ಉಂಟು. ಹೀಗೆ ಬಂದ ಸಂಖ್ಯೆಯೇ ಅವಿಭಾಜ್ಯವೆಂದು ಅವರು ಭಾವಿಸುತ್ತಾರೆ. 3, 7, 31, 211, 2311 ಎಂಬ ಫಲಿತಗಳು ಆ ಭ್ರಮೆಗೆ ಇಂಬು ಕೊಡುತ್ತವೆ. ಆದರೆ 13ರವರೆಗಿನ ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿಸಿದಾಗ ಬರುವ 30031, 59 ಮತ್ತು 509ರ ಗುಣಲಬ್ಧ. ಯೂಕ್ಲಿಡ್‌ನ ವಾದಕ್ಕೆ ಇದರಿಂದ ಧಕ್ಕೆಯಿಲ್ಲ. 59 ಆಗಲಿ 509 ಆಗಲಿ ಮೂಲ ಪಟ್ಟಿಯಲ್ಲಿಲ್ಲದ ಹೊಸ ಅವಿಭಾಜ್ಯಗಳೇ.

ಎಂದಿಗೂ ಹುಸಿಯಾಗದ ನಿಯಮ

ಎಲ್ಲ ವಿನ್ಯಾಸಗಳೂ ಹುಸಿಯಲ್ಲ. 3ಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯ ಸಂಖ್ಯೆಯ ವರ್ಗದಿಂದ 1 ಕಳೆದರೆ ಬರುವ ಸಂಖ್ಯೆ 24ರಿಂದ ಭಾಗವಾಗುತ್ತದೆ. 5ರ ವರ್ಗ 25, ಒಂದು ಕಳೆದರೆ 24. 7ಕ್ಕೆ 48, 11ಕ್ಕೆ 120, 13ಕ್ಕೆ 168, 17ಕ್ಕೆ 288. ಇದಕ್ಕೆ ಅಪವಾದವೇ ಇಲ್ಲ.

ಕಾರಣ ಪ್ರೌಢಶಾಲೆಯ ವಿದ್ಯಾರ್ಥಿಗೂ ನಿಲುಕುವಂಥದು. ಒಂದು ಸಂಖ್ಯೆಯ ವರ್ಗದಿಂದ 1 ಕಳೆಯುವುದೆಂದರೆ ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳನ್ನು ಗುಣಿಸಿದಂತೆ. 13ರ ವಿಷಯದಲ್ಲಿ ಅದು 12 ಮತ್ತು 14ರ ಗುಣಲಬ್ಧ. ಅವಿಭಾಜ್ಯ ಸಂಖ್ಯೆ ಬೆಸವಾದ್ದರಿಂದ ಅದರ ಇಬ್ಬದಿಯವೂ ಅನುಕ್ರಮ ಸಮಸಂಖ್ಯೆಗಳು. ಅವುಗಳಲ್ಲೊಂದು 4ರಿಂದ ಭಾಗವಾಗುತ್ತದೆ, ಇನ್ನೊಂದು 2ರಿಂದ. ಹೀಗಾಗಿ ಗುಣಲಬ್ಧ 8ರಿಂದ ಭಾಗವಾಗುತ್ತದೆ. ಅಲ್ಲದೆ ಒಂದರ ಮುಂದೊಂದಾಗಿ ಬರುವ ಯಾವುದೇ ಮೂರು ಸಂಖ್ಯೆಗಳಲ್ಲಿ ಒಂದು 3ರಿಂದ ಭಾಗವಾಗಲೇಬೇಕು. ನಡುವಿನದು ಅವಿಭಾಜ್ಯವಾದ್ದರಿಂದ ಅದಲ್ಲ. ಇಬ್ಬದಿಯವುಗಳಲ್ಲೊಂದು ಆಗಿರಲೇಬೇಕು. 8 ಮತ್ತು 3 ಸೇರಿದರೆ 24.

ಸಾವಿರ ಉದಾಹರಣೆಗಳು ಕೊಡಲಾಗದ ಭರವಸೆಯನ್ನು ಈ ನಾಲ್ಕು ಸಾಲಿನ ವಾದ ಕೊಡುತ್ತದೆ. ಗಣಿತಜ್ಞರು ಸಾಧನೆ ಎಂದು ಕರೆಯುವುದು ಇದನ್ನೇ.

ಮಾನ್ಯಖೇಟದ ಸಂಖ್ಯಾಹಾರಗಳು

ಅಂಕಿಗಳ ಸೊಬಗಿಗೆ ಮರುಳಾಗುವುದು ಇಂದು ನಿನ್ನೆಯ ಹವ್ಯಾಸವಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಸಮರೂಪವಾಗಿ ಕಾಣುವ ಗುಣಲಬ್ಧಗಳನ್ನು ಉದಾಹರಣೆಗಳಾಗಿ ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಈ ಎರಡೂ ಅಪವರ್ತನಗಳು ಅವಿಭಾಜ್ಯಗಳೆಂಬುದು ಗಮನಾರ್ಹ. ಹಾಗೆಯೇ 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳ ಸಾಲು.

ಬರಿಯ ಒಂದುಗಳಿಂದಾದ ಸಂಖ್ಯೆ ಯಾವಾಗ ಅವಿಭಾಜ್ಯವಾಗುತ್ತದೆ? ಒಂದುಗಳ ಎಣಿಕೆ ಭಾಜ್ಯವಾಗಿದ್ದರೆ ಆ ಸಂಖ್ಯೆಯೂ ಭಾಜ್ಯವೇ. ಆರು ಒಂದುಗಳ 111111, 111 ಮತ್ತು 1001ರ ಗುಣಲಬ್ಧ. ಆದರೆ ಎಣಿಕೆ ಅವಿಭಾಜ್ಯವಾದ ಮಾತ್ರಕ್ಕೆ ಕೆಲಸ ಮುಗಿಯದು. ಮೂರು ಒಂದುಗಳ 111, 3 ಮತ್ತು 37ರ ಗುಣಲಬ್ಧ. 11ರ ನಂತರ ಇಂತಹ ಅವಿಭಾಜ್ಯ ದೊರೆಯುವುದು 19 ಒಂದುಗಳಿದ್ದಾಗ, ಅನಂತರ 23, 317 ಮತ್ತು 1031 ಒಂದುಗಳಿದ್ದಾಗ. ಇಂತಹವು ಅನಂತವಾಗಿವೆಯೇ ಎಂಬುದು ಯಾರಿಗೂ ತಿಳಿಯದು.

73939133 ಎಂಬ ಸಂಖ್ಯೆಯ ಗುಣವಂತೂ ಬೆರಗು ಹುಟ್ಟಿಸುವಂಥದು. ಇದು ಅವಿಭಾಜ್ಯ. ಬಲಬದಿಯ ಅಂಕಿಯನ್ನು ಅಳಿಸಿದರೆ ಉಳಿಯುವ 7393913 ಕೂಡ ಅವಿಭಾಜ್ಯ. ಹೀಗೆಯೇ ಒಂದೊಂದಾಗಿ ಅಳಿಸುತ್ತ ಬಂದರೆ 739391, 73939, 7393, 739, 73, 7 ಎಲ್ಲವೂ ಅವಿಭಾಜ್ಯಗಳೇ. ಈ ಬಗೆಯ ಸಂಖ್ಯೆಗಳು ಒಟ್ಟು 83 ಇದ್ದು ಅವುಗಳಲ್ಲಿ ಇದೇ ದೊಡ್ಡದು. 337ರ ಅಂಕಿಗಳನ್ನು ಹೇಗೆ ಅದಲುಬದಲು ಮಾಡಿದರೂ, ಅಂದರೆ 373, 733 ಎಂದು ಬರೆದರೂ, ಅವಿಭಾಜ್ಯವೇ.

ಇವು ಮನರಂಜಕವಾದರೂ ಇವುಗಳ ಮೂಲ ಮನುಷ್ಯನ ಹತ್ತು ಬೆರಳುಗಳಲ್ಲಿದೆ ಎಂಬುದನ್ನು ಮರೆಯಲಾಗದು. ದಶಮಾನ ಪದ್ಧತಿಯ ಬದಲು ಹನ್ನೆರಡರ ಪದ್ಧತಿಯಲ್ಲಿ ಎಣಿಸಿದ್ದರೆ ಈ ಸೊಬಗು ಮಾಯವಾಗಿ ಬೇರೆ ಸಂಖ್ಯೆಗಳಿಗೆ ಅಂಟಿಕೊಳ್ಳುತ್ತಿತ್ತು. ಅವಿಭಾಜ್ಯತೆ ಸಂಖ್ಯೆಯ ಗುಣ. ಅಂಕಿಗಳ ಚೆಲುವು ಬರವಣಿಗೆಯ ಗುಣ.

ಆಯ್ಲರ್‌ನ 41, ಫರ್ಮಾನ ತಪ್ಪು

ಬರವಣಿಗೆಯನ್ನು ಅವಲಂಬಿಸದ, ಆಳವಾದ ಕಾರಣವುಳ್ಳ ವಿನ್ಯಾಸಗಳೂ ಇವೆ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ (1707-1783) ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಸೂತ್ರ ಹೀಗಿದೆ: ಯಾವುದೇ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ 41 ಕೂಡಿಸಬೇಕು. 0ಯಿಂದ ಆರಂಭಿಸಿದರೆ 41, 43, 47, 53, 61, 71 ಎಂದು ಫಲಿತಗಳು ಬರುತ್ತವೆ. 39ರವರೆಗೆ ನಲವತ್ತು ಬಾರಿ ಅವಿಭಾಜ್ಯ ಸಂಖ್ಯೆಯೇ ದೊರೆಯುತ್ತದೆ. 40ರಲ್ಲಿ ಸೂತ್ರ ಸೋಲುತ್ತದೆ. 40ನ್ನು 41ರಿಂದ ಗುಣಿಸಿ 41 ಕೂಡಿಸಿದರೆ 41ರ ವರ್ಗವಾದ 1681 ಬರುವುದು ಸ್ಪಷ್ಟವೇ ಇದೆ. ಒಂದೇ ಚರವುಳ್ಳ ಯಾವ ಬಹುಪದೋಕ್ತಿಯೂ ಬೇರೆ ಬೇರೆ ಅವಿಭಾಜ್ಯಗಳನ್ನು ಕೊನೆಯಿಲ್ಲದೆ ಕೊಡುತ್ತಲೇ ಹೋಗಲಾರದೆಂಬುದು ಸಿದ್ಧವಾದ ಸಂಗತಿ.

41ರ ಬದಲು 2, 3, 5, 11 ಅಥವಾ 17 ಬಳಸಿದರೂ ಸೂತ್ರ ತನ್ನ ಗರಿಷ್ಠ ಮಿತಿಯವರೆಗೆ ಯಶಸ್ವಿಯಾಗುತ್ತದೆ. ಈ ಆರನ್ನು ಬಿಟ್ಟರೆ ಏಳನೆಯದಿಲ್ಲ. ಇದು ಇಪ್ಪತ್ತನೆಯ ಶತಮಾನದಲ್ಲಿ ಸಾಧಿತವಾಯಿತು. 1963ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಒಂದು ನೀರಸ ಭಾಷಣದ ನಡುವೆ ಕಾಗದದ ಮೇಲೆ ಸಂಖ್ಯೆಗಳನ್ನು ಸುರುಳಿಯಾಕಾರದಲ್ಲಿ ಬರೆದು ಅವಿಭಾಜ್ಯಗಳನ್ನು ಗುರುತಿಸಿದಾಗ, ಅವು ಓರೆಗೆರೆಗಳಲ್ಲಿ ದಟ್ಟವಾಗಿ ಸೇರುವುದು ಕಂಡುಬಂದಿತು. ಆಯ್ಲರ್‌ನ ಸೂತ್ರದಂತಹವುಗಳೇ ಆ ಓರೆಗೆರೆಗಳು.

ಉದಾಹರಣೆಗಳನ್ನು ನಂಬಿ ಮಹಾಮೇಧಾವಿಗಳೂ ಎಡವಿದ್ದುಂಟು. 3, 5, 17, 257, 65537 ಎಂಬ ಸಾಲಿನಲ್ಲಿ ಪ್ರತಿ ಸಂಖ್ಯೆಯಿಂದ 1 ಕಳೆದು, ವರ್ಗ ಮಾಡಿ, ಮತ್ತೆ 1 ಕೂಡಿಸಿದರೆ ಮುಂದಿನದು ಬರುತ್ತದೆ. ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಇರುವುವೆಂದು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ದ ಫರ್ಮಾ ದೃಢವಾಗಿ ನಂಬಿದ್ದನು. 1732ರಲ್ಲಿ ಆಯ್ಲರ್ ಆರನೆಯ ಸಂಖ್ಯೆಯಾದ 4294967297, 641 ಮತ್ತು 6700417ರ ಗುಣಲಬ್ಧವೆಂದು ತೋರಿಸಿದನು. ಆ ಐದರ ಆಚೆಗೆ ಈ ಸಾಲಿನ ಮತ್ತೊಂದು ಅವಿಭಾಜ್ಯ ಈವರೆಗೆ ಸಿಕ್ಕಿಲ್ಲ.

ಸಂಖ್ಯೆಗಳ ಪೈಪೋಟಿ

ಇನ್ನೂ ಸೂಕ್ಷ್ಮವಾದ ವಿನ್ಯಾಸವೊಂದನ್ನು ರಷ್ಯಾದ ಪಫ್ನೂಟಿ ಚೆಬಿಷೆವ್ 1853ರಲ್ಲಿ ಗುರುತಿಸಿದನು. 2ನ್ನು ಬಿಟ್ಟರೆ ಪ್ರತಿ ಅವಿಭಾಜ್ಯವೂ 4ರಿಂದ ಭಾಗಿಸಿದಾಗ 1 ಅಥವಾ 3 ಶೇಷ ಉಳಿಸುತ್ತದೆ. ನೂರರೊಳಗೆ 1 ಉಳಿಸುವವು 11, 3 ಉಳಿಸುವವು 13. ದೂರದೃಷ್ಟಿಯಲ್ಲಿ ಎರಡೂ ಪಂಗಡಗಳು ಸರಿಸಮ. ಆದರೂ ಎಲ್ಲಿ ನಿಂತು ಎಣಿಸಿದರೂ 3ರ ಪಂಗಡ ತುಸು ಮುಂದಿರುವುದೇ ಹೆಚ್ಚು. 1ರ ಪಂಗಡ ಮೊತ್ತಮೊದಲು ಮುಂದೆ ಬರುವುದು 26861ರಲ್ಲಿ. ಮರುಕ್ಷಣವೇ 26863 ಎಂಬ ಮುಂದಿನ ಅವಿಭಾಜ್ಯ ಬಂದು ಲೆಕ್ಕ ಸಮವಾಗುತ್ತದೆ. ಮತ್ತೆ ಮುನ್ನಡೆ ದೊರೆಯಲು 616841ರವರೆಗೆ ಕಾಯಬೇಕು.

3ರಿಂದ ಭಾಗಿಸಿದಾಗಲೂ ಇದೇ ಕತೆ. 2 ಶೇಷ ಉಳಿಸುವ ಪಂಗಡ ಸದಾ ಮುಂದಿರುವಂತೆ ಕಾಣುತ್ತದೆ. ಅದು ಮೊದಲ ಬಾರಿ ಹಿಂದೆ ಬೀಳುವುದು 608981813029ರಲ್ಲಿ, ಅಂದರೆ ಅರವತ್ತು ಸಾವಿರ ಕೋಟಿಯನ್ನು ದಾಟಿದ ಮೇಲೆ. ಇದನ್ನು 1976ರಲ್ಲಿ ಕಾರ್ಟರ್ ಬೇಸ್ ಮತ್ತು ರಿಚರ್ಡ್ ಹಡ್ಸನ್ ಗಣಕಯಂತ್ರದ ನೆರವಿನಿಂದ ಪತ್ತೆ ಮಾಡಿದರು. ಕೋಟಿ ಕೋಟಿ ಉದಾಹರಣೆಗಳು ಒಂದೇ ಮಾತು ಹೇಳಿದರೂ ಅದು ಸತ್ಯವಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 4ರ ಪೈಪೋಟಿಯಲ್ಲಿ ಮುನ್ನಡೆ ಅನಂತ ಬಾರಿ ಕೈಬದಲಾಗುತ್ತದೆಂದು ಇಂಗ್ಲೆಂಡಿನ ಜೆ. ಇ. ಲಿಟ್ಲ್‌ವುಡ್ 1914ರಲ್ಲಿಯೇ ಸಾಧಿಸಿದ್ದನು.

ಕೊನೆಯ ಅಂಕಿಯ ನಾಚಿಕೆ

ಇತ್ತೀಚಿನ ಅಚ್ಚರಿ 2016ರದು. 5ಕ್ಕಿಂತ ದೊಡ್ಡ ಅವಿಭಾಜ್ಯಗಳು 1, 3, 7 ಅಥವಾ 9ರಲ್ಲಿ ಕೊನೆಗೊಳ್ಳುತ್ತವೆ. ನಾಲ್ಕರ ಪಾಲೂ ಸರಿಸುಮಾರು ಸಮಾನ. ಹಾಗಾದರೆ 1ರಲ್ಲಿ ಕೊನೆಗೊಳ್ಳುವ ಅವಿಭಾಜ್ಯದ ನಂತರದ ಅವಿಭಾಜ್ಯವೂ 1ರಲ್ಲಿಯೇ ಕೊನೆಗೊಳ್ಳುವ ಸಂಭವ ಶೇ. 25 ಇರಬೇಕಲ್ಲವೇ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಣ್ಣನ್ ಸೌಂದರರಾಜನ್ ಮತ್ತು ರಾಬರ್ಟ್ ಲೆಮ್ಕಿ ಆಲಿವರ್ ಮೊದಲ ಹತ್ತು ಕೋಟಿ ಅವಿಭಾಜ್ಯಗಳನ್ನು ಪರಿಶೀಲಿಸಿದಾಗ ಅದು ಕೇವಲ ಶೇ. 18.5ರಷ್ಟಿತ್ತು. 3 ಅಥವಾ 7ರಲ್ಲಿ ಕೊನೆಗೊಳ್ಳುವ ಸಂಭವ ತಲಾ ಶೇ. 30ರ ಆಸುಪಾಸಿನಲ್ಲಿತ್ತು.

ಸಣ್ಣ ಸಂಖ್ಯೆಗಳಲ್ಲಿಯೇ ಇದನ್ನು ನೋಡಬಹುದು. 11ರ ನಂತರ 13, 31ರ ನಂತರ 37, 41ರ ನಂತರ 43, 61ರ ನಂತರ 67. 1ರ ಬೆನ್ನಿಗೆ 1 ಬರುವುದು ಮೊದಲ ಬಾರಿಗೆ 181 ಮತ್ತು 191ರಲ್ಲಿ. 1ರಿಂದ ಹೊರಟರೆ ಮತ್ತೊಂದು 1ನ್ನು ಮುಟ್ಟುವ ಮುನ್ನ 3, 7, 9ರ ಸರದಿ ಬರುವುದೂ ಇದಕ್ಕೆ ಒಂದು ಕಾರಣ. ಆದರೆ ಅದೊಂದರಿಂದಲೇ ಇಷ್ಟು ದೊಡ್ಡ ವ್ಯತ್ಯಾಸವನ್ನು ವಿವರಿಸಲಾಗದು. ಅವಿಭಾಜ್ಯಗಳ ಗುಂಪುಗಳ ಕುರಿತು ಹಾರ್ಡಿ ಮತ್ತು ಲಿಟ್ಲ್‌ವುಡ್ 1923ರಲ್ಲಿ ಪ್ರಕಟಿಸಿದ ಊಹೆಯೊಂದು ಇದಕ್ಕೆ ಸಮರ್ಪಕ ವಿವರಣೆ ಕೊಡುತ್ತದೆ. ಆ ಪ್ರಕಾರ ಈ ಪಕ್ಷಪಾತ ಅತಿ ನಿಧಾನವಾಗಿ ಕರಗುತ್ತ ಹೋಗಬೇಕು. ಆದರೆ ಆ ಊಹೆಯೇ ಇನ್ನೂ ಸಾಧಿತವಾಗಿಲ್ಲ.

ಅವಳಿಗಳು ಬಯಲಿಗೆಳೆದ ದೋಷ

5 ಮತ್ತು 7, 11 ಮತ್ತು 13, 17 ಮತ್ತು 19 ಮುಂತಾಗಿ ಎರಡರ ಅಂತರದಲ್ಲಿರುವ ಅವಿಭಾಜ್ಯಗಳಿಗೆ ಅವಳಿಗಳೆಂದು ಹೆಸರು. 3 ಮತ್ತು 5ರ ಜೋಡಿಯನ್ನು ಬಿಟ್ಟರೆ ಅವಳಿಗಳ ನಡುವಿನ ಸಂಖ್ಯೆ ಸದಾ 6ರಿಂದ ಭಾಗವಾಗುತ್ತದೆ. ಅವಳಿಗಳು ಅನಂತವೇ ಎಂಬುದು ಇನ್ನೂ ಬಿಡಿಸಲಾಗದ ಒಗಟು. 2013ರಲ್ಲಿ ಅಮೆರಿಕದ ಯಿಟಾಂಗ್ ಝಾಂಗ್, ಏಳು ಕೋಟಿಗಿಂತ ಕಡಿಮೆ ಅಂತರದ ಜೋಡಿಗಳು ಅನಂತವೆಂದು ಸಾಧಿಸಿದರು. ಮರುವರ್ಷದಲ್ಲಿ ಇತರರ ಪ್ರಯತ್ನದಿಂದ ಆ ಅಂತರ 246ಕ್ಕೆ ಇಳಿಯಿತು. 246ರಿಂದ 2ಕ್ಕೆ ಇಳಿಯುವ ದಾರಿ ಇನ್ನೂ ತೆರೆದಿಲ್ಲ.

ಈ ನಿರುಪಯುಕ್ತವೆಂದು ತೋರುವ ಶೋಧ ಒಮ್ಮೆ ಗಣಕಯಂತ್ರ ಉದ್ಯಮವನ್ನೇ ಅಲುಗಾಡಿಸಿತು. ಅವಳಿಗಳ ವ್ಯುತ್ಕ್ರಮಗಳನ್ನೆಲ್ಲ ಕೂಡಿಸಿದರೆ ಮೊತ್ತ ಒಂದು ಮಿತಿಯನ್ನು ಮೀರದೆಂದು ನಾರ್ವೆಯ ವಿಗ್ಗೊ ಬ್ರುನ್ 1919ರಲ್ಲಿ ಸಾಧಿಸಿದ್ದನು. ಆ ಮೊತ್ತವನ್ನು ಹೆಚ್ಚು ನಿಖರವಾಗಿ ಲೆಕ್ಕಹಾಕುತ್ತಿದ್ದ ವರ್ಜೀನಿಯಾದ ಪ್ರಾಧ್ಯಾಪಕ ಥಾಮಸ್ ನೈಸ್ಲಿ 1994ರಲ್ಲಿ ತಮ್ಮ ಫಲಿತಾಂಶದಲ್ಲಿ ವ್ಯತ್ಯಾಸ ಕಂಡರು. ತಿಂಗಳುಗಟ್ಟಲೆ ಹುಡುಕಿದಾಗ 824633702441 ಮತ್ತು 824633702443 ಎಂಬ ಅವಳಿಗಳ ವ್ಯುತ್ಕ್ರಮಗಳು ತಪ್ಪಾಗಿ ಬರುತ್ತಿದ್ದುದು ತಿಳಿಯಿತು. ತಪ್ಪು ಅವರದಾಗಿರಲಿಲ್ಲ. ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್‌ನಲ್ಲಿ ಭಾಗಾಕಾರಕ್ಕೆ ಬಳಸುವ ಕೋಷ್ಟಕದ ಕೆಲವು ನಮೂದುಗಳೇ ಬಿಟ್ಟುಹೋಗಿದ್ದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸ್ಥೆ ಚಿಪ್‌ಗಳನ್ನು ಬದಲಿಸಿಕೊಡಲು ಒಪ್ಪಿತು. ಅದಕ್ಕಾಗಿ 47.5 ಕೋಟಿ ಡಾಲರ್ ನಷ್ಟವನ್ನು ತನ್ನ ಲೆಕ್ಕದಲ್ಲಿ ತೋರಿಸಬೇಕಾಯಿತು.

ಬೀಗ ಮತ್ತು ಕೀಲಿ

1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಗೂಢಲಿಪಿ ಪದ್ಧತಿಯ ತಳಹದಿ ಸರಳ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಬೇರ್ಪಡಿಸುವುದು ಅತ್ಯಂತ ಕಠಿಣ. ಗುಣಲಬ್ಧವನ್ನು ಬಹಿರಂಗಪಡಿಸಿದರೂ ಅಪವರ್ತನಗಳು ಗುಟ್ಟಾಗಿಯೇ ಉಳಿಯುತ್ತವೆ. ಆ ಸಂಸ್ಥೆಯ ಸವಾಲಿನ ಪಟ್ಟಿಯಲ್ಲಿದ್ದ 250 ಅಂಕಿಗಳ ಸಂಖ್ಯೆಯೊಂದನ್ನು ಬಿಡಿಸಲು ಸಾಧ್ಯವಾದದ್ದು 2020ರಲ್ಲಿ. ಬಳಕೆಯಲ್ಲಿರುವ ಕೀಲಿಗಳು 600ಕ್ಕೂ ಹೆಚ್ಚು ಅಂಕಿಗಳವು.

ಆದರೆ ಆಯ್ದ ಅವಿಭಾಜ್ಯಗಳಲ್ಲಿ ವಿನ್ಯಾಸ ನುಸುಳಿದರೆ ಬೀಗ ಸಡಿಲವಾಗುತ್ತದೆ. ಎರಡೂ ಪರಸ್ಪರ ಸಮೀಪದಲ್ಲಿದ್ದರೆ ಫರ್ಮಾನ ಹಳೆಯ ಉಪಾಯವೇ ಸಾಕು. 8051ಕ್ಕೆ 7ರ ವರ್ಗವಾದ 49 ಕೂಡಿಸಿದರೆ 8100, ಅಂದರೆ 90ರ ವರ್ಗ. ಆದ್ದರಿಂದ ಅಪವರ್ತನಗಳು 90ರಿಂದ 7ರಷ್ಟು ಆಚೀಚೆ ಇರುವ 83 ಮತ್ತು 97. ಇಬ್ಬರು ಒಂದೇ ಅವಿಭಾಜ್ಯವನ್ನು ಬಳಸಿದರೆ ಅಪಾಯ ಇನ್ನೂ ಹೆಚ್ಚು. 91 ಮತ್ತು 119 ಎಂಬೆರಡರ ಮಹತ್ತಮ ಸಾಮಾನ್ಯ ಅಪವರ್ತನ 7 ಎಂದು ಕಂಡೊಡನೆ ಎರಡೂ ಬೀಗಗಳು ತೆರೆದುಕೊಳ್ಳುತ್ತವೆ. ಇದು ಕಾಲ್ಪನಿಕ ಭಯವಲ್ಲ. 2012ರಲ್ಲಿ ಎರಡು ಸಂಶೋಧನಾ ತಂಡಗಳು ಅಂತರ್ಜಾಲದಲ್ಲಿ ಬಳಕೆಯಲ್ಲಿದ್ದ ದಶಲಕ್ಷಗಟ್ಟಲೆ ಕೀಲಿಗಳನ್ನು ಹೋಲಿಸಿ ನೋಡಿದಾಗ ಸಾವಿರಾರು ಕೀಲಿಗಳು ಹೀಗೆ ಅವಿಭಾಜ್ಯಗಳನ್ನು ಹಂಚಿಕೊಂಡಿದ್ದವು. ಯಾದೃಚ್ಛಿಕವಾಗಿ ಆಯಬೇಕಿದ್ದ ಉಪಕರಣಗಳು ಹಾಗೆ ಆಯದಿದ್ದುದೇ ಕಾರಣ.

ಕಾನ್ಪುರದ ಉತ್ತರ

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯುವುದು ಹೇಗೆ? 2ನ್ನು ಆ ಸಂಖ್ಯೆಯಷ್ಟು ಬಾರಿ ಬರೆದು ಗುಣಿಸಿ 2 ಕಳೆದರೆ, ಬಂದುದು ಆ ಸಂಖ್ಯೆಯಿಂದ ಭಾಗವಾಗಬೇಕು ಎಂಬುದು ಹಳೆಯ ಪರೀಕ್ಷೆ. 7ಕ್ಕೆ 128ರಿಂದ 2 ಕಳೆದರೆ 126, ಅದು 7ರ ಹದಿನೆಂಟರಷ್ಟು. ಎಲ್ಲ ಅವಿಭಾಜ್ಯಗಳೂ ಇದರಲ್ಲಿ ಉತ್ತೀರ್ಣವಾಗುತ್ತವೆ. 340ರವರೆಗೆ ಭಾಜ್ಯ ಸಂಖ್ಯೆ ಯಾವುದೂ ಉತ್ತೀರ್ಣವಾಗುವುದಿಲ್ಲ. 341 ಮಾತ್ರ, 11 ಮತ್ತು 31ರ ಗುಣಲಬ್ಧವಾಗಿದ್ದೂ, ಪರೀಕ್ಷೆಯನ್ನು ವಂಚಿಸಿ ದಾಟುತ್ತದೆ. ಇಲ್ಲಿಯೂ ಅದೇ ಕತೆ, ಬಹುದೂರ ನಡೆದು ಮುರಿಯುವ ವಿನ್ಯಾಸ.

ಎಂದಿಗೂ ಮೋಸಹೋಗದ ಮತ್ತು ಸಾಕಷ್ಟು ವೇಗವೂ ಆದ ಪರೀಕ್ಷೆಯನ್ನು 2002ರ ಆಗಸ್ಟ್‌ನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಹಾಗೂ ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಜಗತ್ತಿನ ಮುಂದಿಟ್ಟರು. ಅವರು ಮೇಲಿನ ಪರೀಕ್ಷೆಯನ್ನೇ ಬಹುಪದೋಕ್ತಿಗಳಿಗೆ ವಿಸ್ತರಿಸಿದ್ದರು. ಆ ರೂಪದಲ್ಲಿ ಅದು ಅವಿಭಾಜ್ಯಗಳಿಗೆ ಮಾತ್ರ ಸಲ್ಲುತ್ತದೆ, 341ರಂತಹ ವಂಚಕರಿಗೆ ಅಲ್ಲಿ ಎಡೆಯಿಲ್ಲ. ನಿತ್ಯದ ಬಳಕೆಯಲ್ಲಿ ಇದಕ್ಕಿಂತ ವೇಗದ, ತಪ್ಪುವ ಸಂಭವ ಅತ್ಯಲ್ಪವಾದ ಪರೀಕ್ಷೆಗಳೇ ಚಾಲ್ತಿಯಲ್ಲಿವೆ. ಆದರೂ ಶತಮಾನಗಳ ಪ್ರಶ್ನೆಗೆ ಸಿಕ್ಕ ಖಚಿತ ಉತ್ತರವೆಂದು ಇದಕ್ಕೆ 2006ರಲ್ಲಿ ಗೋಡೆಲ್ ಪ್ರಶಸ್ತಿ ಸಂದಿತು.

2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ ದೈತ್ಯ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. 2ನ್ನು 13,62,79,841 ಬಾರಿ ಬರೆದು ಗುಣಿಸಿ 1 ಕಳೆದರೆ ಅದು ಬರುತ್ತದೆ. ಗಣಕಯಂತ್ರಗಳ ಬಲ ಹೆಚ್ಚಿದಂತೆ ಇನ್ನೂ ದೊಡ್ಡವು ಸಿಗುತ್ತವೆ, ಹೊಸ ವಿನ್ಯಾಸಗಳೂ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಕಂಡಾಗ ಕೇಳಬೇಕಾದ ಪ್ರಶ್ನೆ ಎಷ್ಟು ದೂರ ಪರೀಕ್ಷಿಸಲಾಗಿದೆ ಎಂಬುದಲ್ಲ. ಏಕೆ ಹೀಗೆ ಎಂಬುದಕ್ಕೆ ಕಾರಣವಿದೆಯೇ ಎಂಬುದು. 24ರ ನಿಯಮಕ್ಕೆ ಕಾರಣವಿತ್ತು, ಅದು ಉಳಿಯಿತು. 31ರ ಸಾಲಿಗೆ ಕಾರಣವಿರಲಿಲ್ಲ, ಅದು ಎಂಟನೆಯ ಹೆಜ್ಜೆಯಲ್ಲಿ ಬಿದ್ದುಹೋಯಿತು.